ಸೋರದ ಶಾಕ್ ಚೆನ್ನಾಗಿದೆಯೇ?

ಬೈಕ್ ಎತ್ತಿ ಎತ್ತಿ ಹಾಕುತ್ತಿದೆ ಎಂದು ಗ್ಯಾರೇಜಿಗೆ ಹೋದವರಿಗೆ ಸಿಗುವ ಉತ್ತರ ಬೀದರಿನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಒಂದೇ. ಮೆಕ್ಯಾನಿಕ್ ಬಗ್ಗಿ ಮುಂದಿನ ಫೋರ್ಕಿನ ಪೈಪಿನ ಮೇಲೆ ಬೆರಳು ಸವರುತ್ತಾನೆ, ಹಿಂದಿನ ಶಾಕುಗಳ ಮೇಲೆ ಕಣ್ಣು ಹಾಯಿಸುತ್ತಾನೆ, ಸೀಟು ಹಿಡಿದು ಎರಡು ಸಲ ಅದುಮುತ್ತಾನೆ. "ಲೀಕ್ ಇಲ್ಲ ಸಾರ್, ಶಾಕ್ ಚೆನ್ನಾಗೇ ಇದೆ. ರೋಡೇ ಸರಿಯಿಲ್ಲ, ಏನ್ ಮಾಡೋಕಾಗುತ್ತೆ?" ಗಾಡಿಯ ಯಜಮಾನನೂ ತಲೆಯಾಡಿಸಿ ಹೊರಡುತ್ತಾನೆ. ಎಂಜಿನ್ ಆಯಿಲನ್ನು ಲೆಕ್ಕ ಇಟ್ಟು ತಪ್ಪದೆ ಬದಲಿಸುವವರು, ಚೈನಿಗೆ ವಾರ ವಾರ ಎಣ್ಣೆ ಬಿಡುವವರು ಕೂಡ ಫೋರ್ಕಿನೊಳಗಿನ ಎಣ್ಣೆಯನ್ನು ಗಾಡಿ ಮಾರುವ ದಿನದವರೆಗೂ ನೆನೆಯುವುದಿಲ್ಲ. ಸೋರಿದರೆ ಕೆಟ್ಟಿದೆ, ಸೋರದಿದ್ದರೆ ಚೆನ್ನಾಗಿದೆ. ಸಸ್ಪೆನ್ಷನ್ ಬಗ್ಗೆ ನಮ್ಮಲ್ಲಿ ಬೇರೂರಿರುವ ತಿಳಿವಳಿಕೆ ಇಷ್ಟೇ. ಇದು ತಪ್ಪು ತಿಳಿವಳಿಕೆ. ಇದರಿಂದ ಬೆನ್ನು ನೋಯುತ್ತದೆ, ಟೈರು ಅಡ್ಡಾದಿಡ್ಡಿ ಸವೆಯುತ್ತದೆ, ಬ್ರೇಕ್ ಹಿಡಿದಾಗ ಗಾಡಿ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ.

ಫೋರ್ಕಿನೊಳಗೆ ಸ್ಪ್ರಿಂಗ್ ಮಾಡುವ ಕೆಲಸ ಬೇರೆ, ಎಣ್ಣೆ ಮಾಡುವ ಕೆಲಸ ಬೇರೆ. ಚಕ್ರ ಗುಂಡಿಯ ಅಂಚಿಗೆ ಬಡಿದಾಗ ಸ್ಪ್ರಿಂಗ್ ಕುಗ್ಗುತ್ತದೆ ನಿಜ, ಆದರೆ ಆ ಪೆಟ್ಟನ್ನು ಅದು ಅರಗಿಸಿಕೊಳ್ಳುವುದಿಲ್ಲ. ಕೂಡಿಟ್ಟುಕೊಂಡು ಮರುಕ್ಷಣವೇ ವಾಪಸ್ ಕೊಡುತ್ತದೆ. ಬರೀ ಸ್ಪ್ರಿಂಗ್ ಇದ್ದರೆ ಒಂದು ಹಂಪ್ ದಾಟಿದ ಗಾಡಿ ಮುಂದೆ ಬಹಳ ದೂರ ಕುಣಿಯುತ್ತಲೇ ಹೋಗುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಎಣ್ಣೆ. ಫೋರ್ಕ್ ಮೇಲೆ ಕೆಳಗೆ ಆಡುವಾಗಲೆಲ್ಲ ಎಣ್ಣೆ ಒಳಗಿನ ರಾಡಿನ ಸಣ್ಣ ತೂತುಗಳ ಮೂಲಕ ನುಸುಳಬೇಕು. ನುಸುಳುವಾಗ ಎದುರಾಗುವ ತಡೆಯಲ್ಲಿ ಪೆಟ್ಟಿನ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ದಿನಕ್ಕೆ ಸಾವಿರಾರು ಸಲ ಹೀಗೆ ನುಸುಳುವ ಎಣ್ಣೆ ಇದ್ದ ಹಾಗೆಯೇ ಉಳಿಯುವುದಿಲ್ಲ. ಅದರ ಮಂದತೆಯನ್ನು ಕಾಯುವ ಉದ್ದನೆಯ ಅಣುಗಳು ತುಂಡಾಗುತ್ತವೆ. ಬುಷ್ಷು, ಸ್ಪ್ರಿಂಗು, ಪೈಪು ಒಂದಕ್ಕೊಂದು ಉಜ್ಜಿ ಸವೆದ ಲೋಹದ ಪುಡಿ ಬೆರೆಯುತ್ತದೆ. ಮಳೆಗಾಲದ ತೇವ ಸೀಲಿನ ಅಂಚಿನಿಂದ ಒಳಗೆ ಹೋಗುತ್ತದೆ. ವರ್ಷಗಟ್ಟಲೆ ಓಡಿದ ಗಾಡಿಯ ಫೋರ್ಕ್ ಬಿಚ್ಚಿ ಎಣ್ಣೆ ಸುರಿದು ನೋಡಿದವರಿಗೆ ಗೊತ್ತು: ಹೊಸದರಲ್ಲಿ ತಿಳಿಯಾಗಿದ್ದದ್ದು ಬೂದು ಬಣ್ಣಕ್ಕೆ ತಿರುಗಿರುತ್ತದೆ, ತಳದಲ್ಲಿ ಮಿನುಗುವ ಕೆಸರು ಕೂತಿರುತ್ತದೆ, ಮೂಗು ಮುಚ್ಚಿಕೊಳ್ಳುವಂಥ ನಾತ. ಇದೆಲ್ಲ ನಡೆಯುವುದು ಒಂದು ಹನಿಯೂ ಹೊರಗೆ ಸೋರದೆ. ಸೀಲ್ ಚೆನ್ನಾಗಿದೆ ಎಂದರೆ ಕೆಟ್ಟ ಎಣ್ಣೆ ಭದ್ರವಾಗಿ ಒಳಗೇ ಇದೆ ಎಂದಷ್ಟೇ ಅರ್ಥ.

ಹಲವು ಕಂಪನಿಗಳ ಕೈಪಿಡಿಗಳಲ್ಲಿ ಫೋರ್ಕ್ ಆಯಿಲ್ ಬದಲಿಸುವ ಅವಧಿ ಕಿಲೋಮೀಟರ್ ಲೆಕ್ಕದಲ್ಲಿ ಅಚ್ಚಾಗಿಯೇ ಇರುತ್ತದೆ. ಓದುವವರು ಕಡಿಮೆ. ಓದದೇ ಇದ್ದರೂ ನಡೆದುಹೋಗಲು ಕಾರಣ, ಈ ಕೆಡುಕು ಒಂದೇ ದಿನ ಬರುವುದಿಲ್ಲ. ಕ್ಲಚ್ ವೈರ್ ತುಂಡಾದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಎಣ್ಣೆ ಸತ್ತರೆ ಗಾಡಿ ನಿಲ್ಲುವುದಿಲ್ಲ, ಸವಾರ ಹೊಂದಿಕೊಳ್ಳುತ್ತಾನೆ. ಹಂಪ್ ಬಂದಾಗ ಪೃಷ್ಠ ಎತ್ತುತ್ತಾನೆ, ತಿರುವಿನಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ, ಮಣಿಕಟ್ಟು ಜುಮುಗುಟ್ಟಿದರೆ ವಯಸ್ಸಾಯಿತು ಅಂದುಕೊಳ್ಳುತ್ತಾನೆ. ಅಷ್ಟರಲ್ಲಿ ಚಕ್ರ ಪ್ರತಿ ಗುಂಡಿಯಲ್ಲೂ ಅರೆಕ್ಷಣ ನೆಲ ಬಿಡಲು ಶುರುಮಾಡಿರುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತವಿಲ್ಲ. ಉಬ್ಬುತಗ್ಗಿನ ರಸ್ತೆಯಲ್ಲಿ ದಿಢೀರನೆ ಬ್ರೇಕ್ ಹಿಡಿಯಬೇಕಾಗಿ ಬಂದಾಗ ಡಿಸ್ಕ್ ಎಷ್ಟು ದೊಡ್ಡದು, ಎಬಿಎಸ್ ಇದೆಯೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು. ಟೈರು ಆ ಹೊತ್ತಿನಲ್ಲಿ ನೆಲವನ್ನು ಒತ್ತಿ ಹಿಡಿದಿದೆಯೇ ಎಂಬುದು ಮೊದಲ ಮಾತು. ಸಸ್ಪೆನ್ಷನ್ ಅನ್ನು ನಾವು ಸುಖದ ಸಾಮಾನು ಎಂದು ಲೆಕ್ಕ ಹಾಕಿದ್ದೇವೆ. ಅದು ಬ್ರೇಕಿನ ಅರ್ಧ ಭಾಗ.

ಸೀಟು ಅದುಮಿ ನೋಡುವ ಪರೀಕ್ಷೆಯನ್ನೂ ಇಲ್ಲೇ ತೂಗಿ ನೋಡಬೇಕು. ಅದುಮಿ ಬಿಟ್ಟಾಗ ಗಾಡಿ ಎರಡು ಮೂರು ಸಲ ಕುಪ್ಪಳಿಸಿದರೆ ಎಣ್ಣೆಯ ಕೆಲಸ ಮುಗಿದಿದೆ ಎನ್ನುವುದು ಖಂಡಿತ. ಆದರೆ ಕುಪ್ಪಳಿಸದಿದ್ದರೆ ಎಲ್ಲ ಸರಿಯಿದೆ ಎಂದು ಹೇಳುವ ಹಾಗಿಲ್ಲ. ಕೈಯಲ್ಲಿ ಅದುಮುವ ವೇಗ ಬಹಳ ಕಡಿಮೆ. ಹಂಪಿನ ಅಂಚು ಚಕ್ರವನ್ನು ಎತ್ತುವ ವೇಗ ಅದರ ಎಷ್ಟೋ ಪಟ್ಟು. ಜೊತೆಗೆ ಪೈಪ್ ಬಾಗಿದ್ದರೆ, ಫೋರ್ಕಿನ ಎರಡು ಕಾಲು ಒಂದಕ್ಕೊಂದು ಸಮಾನಾಂತರವಾಗಿ ಇಲ್ಲದಿದ್ದರೆ, ಒಳಗಿನ ಉಜ್ಜಾಟವೇ ಕುಣಿತವನ್ನು ತಡೆದು ಸತ್ತ ಎಣ್ಣೆಯನ್ನು ಮರೆಮಾಡುತ್ತದೆ. ಆಗ ಎರಡು ದೋಷ ಸೇರಿ ಒಂದು ಗುಣದಂತೆ ಕಾಣುತ್ತದೆ.

ಇಷ್ಟು ಮುಖ್ಯವಾದ ಭಾಗ ಸವಾರನ ಗಮನದಿಂದ ಹೇಗೆ ಜಾರಿತು? ಮೊದಲು ಹೀಗಿರಲಿಲ್ಲ. ಹಳೆಯ ಗರ್ಡರ್ ಫೋರ್ಕಿನ ಬೈಕುಗಳಲ್ಲಿ ಉಜ್ಜುವ ಬಿಲ್ಲೆಗಳೇ ಕುಣಿತ ತಡೆಯುತ್ತಿದ್ದವು, ಅವುಗಳ ಬಿಗಿಯನ್ನು ಸವಾರನೇ ಗುಬುಟು ತಿರುಗಿಸಿ ರಸ್ತೆಗೆ ತಕ್ಕಂತೆ ಹೊಂದಿಸಿಕೊಳ್ಳುತ್ತಿದ್ದ. 1935ರಲ್ಲಿ ಬಿಎಂಡಬ್ಲ್ಯು ಆರ್12 ಎಣ್ಣೆಯಿಂದ ಕುಣಿತ ತಡೆಯುವ ಟೆಲಿಸ್ಕೋಪಿಕ್ ಫೋರ್ಕನ್ನು ಮಾರುಕಟ್ಟೆಗೆ ತಂದಿತು. ಮುಂದಿನ ದಶಕಗಳಲ್ಲಿ ಜಗತ್ತೆಲ್ಲ ಅದನ್ನೇ ಹಿಡಿಯಿತು. 1940ರ ದಶಕದ ಕೊನೆಗೆ ಬುಲೆಟ್‌ನ ಹಿಂಬದಿಗೂ ಸ್ವಿಂಗ್ ಆರ್ಮ್ ಮತ್ತು ಎಣ್ಣೆಯ ಶಾಕುಗಳು ಬಂದವು. ದೊಡ್ಡ ಸುಧಾರಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರೊಂದಿಗೇ ಕೆಲಸ ಪೈಪಿನೊಳಗೆ ಸೇರಿ ಕಣ್ಣಿಗೆ ಕಾಣದಾಯಿತು. ಹಳೆಯ ಎಷ್ಟೋ ಬೈಕುಗಳಲ್ಲಿ ಫೋರ್ಕಿನ ತಳದಲ್ಲಿ ಎಣ್ಣೆ ಇಳಿಸಲು ಒಂದು ಸಣ್ಣ ಸ್ಕ್ರೂ ಇರುತ್ತಿತ್ತು. ಅದನ್ನು ಕಂಡಾಗಲಾದರೂ ಒಳಗೆ ಎಣ್ಣೆ ಇದೆ ಎಂಬ ನೆನಪಾಗುತ್ತಿತ್ತು. ಈಗಿನ ಹೆಚ್ಚಿನ ಗಾಡಿಗಳಲ್ಲಿ ಆ ಸ್ಕ್ರೂ ಕೂಡ ಇಲ್ಲ.

ಸೋರಿಕೆಯ ನಂಬಿಕೆಯ ಬೆನ್ನಿಗೇ ಬರುವುದು ಗಟ್ಟಿತನದ ನಂಬಿಕೆ. ಶಾಕ್ ಮೆತ್ತಗಾಗಿದೆ ಎಂದರೆ ಗಟ್ಟಿ ಮಾಡಿಸು ಎನ್ನುವುದು ನಮ್ಮ ಸಾಮಾನ್ಯ ಪರಿಹಾರ. ಅದಕ್ಕೆ ಗ್ಯಾರೇಜುಗಳಲ್ಲಿ ಮೂರು ದಾರಿ: ದಪ್ಪ ಎಣ್ಣೆ ಹಾಕುವುದು, ಎಣ್ಣೆಯನ್ನು ಅಳತೆಗಿಂತ ಜಾಸ್ತಿ ಹಾಕುವುದು, ಹಿಂದಿನ ಶಾಕಿನ ಬಳೆಯನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸುವುದು. ಮೂರನ್ನೂ ಪರೀಕ್ಷಿಸೋಣ, ಏಕೆಂದರೆ ಮೂರೂ ಹೊಸ ತೊಂದರೆ ತರುತ್ತವೆ.

ಸಾಧಾರಣ ಬೈಕಿನ ಫೋರ್ಕಿನಲ್ಲಿರುವುದು ಬರೀ ತೂತುಗಳ ವ್ಯವಸ್ಥೆ. ತೂತಿನ ಮೂಲಕ ಎಣ್ಣೆ ಹಾಯುವ ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಇಂಥ ಫೋರ್ಕ್ ನಿಧಾನದ ತೂಗಾಟಕ್ಕೆ ಸಡಿಲವಾಗಿಯೂ ಚೂಪು ಪೆಟ್ಟಿಗೆ ಬಿರುಸಾಗಿಯೂ ಇರುವುದು; ಇದು ಹುಟ್ಟುಗುಣ. ಅದರೊಳಗೆ ದಪ್ಪ ಎಣ್ಣೆ ಹಾಕಿದರೆ ಕೆಳಗಿಳಿಯುವುದಕ್ಕಷ್ಟೇ ತಡೆ ಹೆಚ್ಚುವುದಿಲ್ಲ, ಮೇಲೇಳುವುದಕ್ಕೂ ಹೆಚ್ಚುತ್ತದೆ. ಕಿತ್ತುಹೋದ ರಸ್ತೆಯಲ್ಲಿ ಸಾಲಾಗಿ ಗುಂಡಿ ಬಂದಾಗ ಮೊದಲ ಪೆಟ್ಟಿಗೆ ಕುಗ್ಗಿದ ಫೋರ್ಕ್ ಮೇಲೇಳುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ, ಆಮೇಲೆ ಮೂರನೆಯದು. ಹೀಗೆ ಕುಗ್ಗುತ್ತ ಕುಗ್ಗುತ್ತ ಫೋರ್ಕಿಗೆ ಆಡಲು ಜಾಗವೇ ಉಳಿಯುವುದಿಲ್ಲ. ಸವಾರನಿಗೆ ಅನ್ನಿಸುವುದು ಗಾಡಿ ಗಟ್ಟಿಯಾಗಿದೆ ಎಂದು. ನಿಜವಾಗಿ ಅದು ಕೆಳಗೆ ಸಿಕ್ಕಿಕೊಂಡಿದೆ.

ಎಣ್ಣೆ ಜಾಸ್ತಿ ಹಾಕುವುದು ಇನ್ನೂ ಕೆಟ್ಟದ್ದು. ಫೋರ್ಕಿನೊಳಗೆ ಎಣ್ಣೆಯ ಮೇಲೆ ಉಳಿಯುವ ಗಾಳಿ ಖಾಲಿ ಜಾಗವಲ್ಲ, ಅದು ಎರಡನೆಯ ಸ್ಪ್ರಿಂಗ್. ಪೈಪ್ ಕೆಳಗಿಳಿದಂತೆ ಆ ಗಾಳಿ ಒತ್ತಿಕೊಂಡು ಕೊನೆಯ ಅಂಚಿನಲ್ಲಿ ಪೆಟ್ಟನ್ನು ತಾಳುತ್ತದೆ. ಕೈಪಿಡಿಯಲ್ಲಿ ಎಣ್ಣೆಯ ಮಟ್ಟವನ್ನು ಮಿಲಿಮೀಟರಿನಲ್ಲಿ ಕೊಟ್ಟಿರುವುದು ಇದಕ್ಕೇ. ಮಟ್ಟ ಏರಿಸಿದರೆ ಗಾಳಿಯ ಜಾಗ ಕಿರಿದಾಗಿ, ಫೋರ್ಕ್ ಪೂರ್ತಿ ಕುಗ್ಗಿದಾಗ ಒತ್ತಡ ವಿಪರೀತ ಏರುತ್ತದೆ, ಅದರ ಪೆಟ್ಟು ಬೀಳುವುದು ಸೀಲಿನ ಮೇಲೆ. ಸೋರದಿದ್ದ ಫೋರ್ಕ್ ಸೋರಲು ಶುರುವಾಗುತ್ತದೆ. ಎಣ್ಣೆಯ ಹೆಸರಿನ ಗೊಂದಲ ಬೇರೆ ಇದೆ. ಡಬ್ಬಿಯ ಮೇಲಿನ 10ಡಬ್ಲ್ಯು, 15ಡಬ್ಲ್ಯು ಎಂಬ ಅಂಕಿಗಳನ್ನು ಫೋರ್ಕ್ ಆಯಿಲ್ ತಯಾರಕರೆಲ್ಲ ಒಂದೇ ಅಳತೆಯಲ್ಲಿ ಬಳಸುವುದಿಲ್ಲ. ಒಬ್ಬರ 10 ಇನ್ನೊಬ್ಬರ 15ರ ಹತ್ತಿರ ಇರಬಹುದು. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ ಎಂಬುದೇ ನಂಬಬಹುದಾದ ಅಂಕಿ. ಇನ್ನು ಕೈಪಿಡಿ ಹೇಳಿದ್ದನ್ನು ಬಿಟ್ಟು ಎಂಜಿನ್ನಿಗೆ ತಂದು ಉಳಿದ ಆಯಿಲನ್ನೇ ಫೋರ್ಕಿಗೆ ಸುರಿಯುವ ಅಭ್ಯಾಸಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮೂರನೆಯದು ಹಿಂದಿನ ಶಾಕಿನ ಬಳೆ, ಅಂದರೆ ಪ್ರೀಲೋಡ್. ಇದನ್ನು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಓದಿದವರೂ ನಂಬುತ್ತಾರೆ. ಸಣ್ಣ ಲೆಕ್ಕ ಹಾಕೋಣ. ಒಂದು ಸ್ಪ್ರಿಂಗ್ ಪ್ರತಿ 2 ಕಿಲೋ ಭಾರಕ್ಕೆ 1 ಮಿಲಿಮೀಟರ್ ಕುಗ್ಗುತ್ತದೆ ಎನ್ನಿ. ಬಳೆ ತಿರುಗಿಸಿ ಅದನ್ನು 10 ಮಿಲಿಮೀಟರ್ ಮೊದಲೇ ಒತ್ತಿಟ್ಟರೆ, ಮೊದಲ 20 ಕಿಲೋಗೆ ಅದು ಅಲುಗುವುದಿಲ್ಲ. ಆಮೇಲೆ? ಮತ್ತೆ ಪ್ರತಿ 2 ಕಿಲೋಗೆ 1 ಮಿಲಿಮೀಟರೇ. ಸ್ಪ್ರಿಂಗಿನ ಗುಣ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬದಲಾದದ್ದು ಗಾಡಿ ನಿಲ್ಲುವ ಎತ್ತರ. ಸುರುಳಿಗಳು ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ವಿರಳವಾಗಿ ಇರುವ ಸ್ಪ್ರಿಂಗಿನಲ್ಲಿ ಸ್ವಲ್ಪ ವ್ಯತ್ಯಾಸವಾಗುತ್ತದೆ, ಅದನ್ನು ಒಪ್ಪೋಣ. ಆದರೂ ಪ್ರೀಲೋಡ್ ಇರುವುದು ಭಾರಕ್ಕೆ ತಕ್ಕ ಎತ್ತರ ಹೊಂದಿಸಲು. ಒಬ್ಬನೇ ಓಡಾಡುವ ಹಗುರ ಸವಾರ ಕೊನೆಯ ಮೆಟ್ಟಿಲಿಗೆ ತಿರುಗಿಸಿಕೊಂಡರೆ ಗಾಡಿ ತನ್ನ ಚಲನೆಯ ಮೇಲಿನ ತುದಿಯಲ್ಲೇ ಕೂರುತ್ತದೆ, ಚಕ್ರಕ್ಕೆ ಗುಂಡಿಯೊಳಗೆ ಇಳಿಯಲು ಜಾಗ ಇರುವುದಿಲ್ಲ. ಗುಂಡಿಗೆ ಚಕ್ರ ಇಳಿಯದಿದ್ದರೆ ಗಾಡಿಯೇ ಇಳಿಯುತ್ತದೆ, ಜೊತೆಗೆ ಸವಾರನೂ.

ಗ್ಯಾಸ್ ಶಾಕಿನ ಬಗೆಗಿನ ಭ್ರಮೆಯನ್ನು ಇಲ್ಲೇ ಹೇಳಿ ಮುಂದೆ ಹೋಗುತ್ತೇನೆ. ಬಜಾಜ್ ಪಲ್ಸರ್‌ನ ಹಿಂಬದಿಯಲ್ಲಿ ನೈಟ್ರಾಕ್ಸ್ ಎಂಬ ಬರಹದ ಡಬ್ಬಿ ಬಂದ ಮೇಲೆ ಗ್ಯಾಸ್ ಇದ್ದರೆ ಮೆತ್ತಗೆ, ಗ್ಯಾಸ್ ಹೋದರೆ ಗಟ್ಟಿ ಎಂಬ ಮಾತು ಊರೆಲ್ಲ ಹಬ್ಬಿತು. ಆ ನೈಟ್ರೋಜನ್ ಇರುವುದು ಸವಾರನನ್ನು ಹೊರಲು ಅಲ್ಲ, ಎಣ್ಣೆಯನ್ನು ಒತ್ತಿ ಹಿಡಿಯಲು. ಶಾಕ್ ಬಿರುಸಾಗಿ ಆಡುವಾಗ ಎಣ್ಣೆಯಲ್ಲಿ ಗುಳ್ಳೆ ಏಳುತ್ತದೆ, ನೊರೆಯಾದ ಎಣ್ಣೆ ತೂತಿನಲ್ಲಿ ತಡೆಯಿಲ್ಲದೆ ನುಗ್ಗುತ್ತದೆ. ಒತ್ತಡ ಇದ್ದರೆ ಗುಳ್ಳೆ ಏಳುವುದು ತಪ್ಪುತ್ತದೆ. ಸುಖ ಕೊಡುವುದು ಆಗಲೂ ಸ್ಪ್ರಿಂಗು ಮತ್ತು ಎಣ್ಣೆಯೇ. ಹಾಗಾಗಿ ಚೆನ್ನಾಗಿರುವ ಸಾದಾ ಶಾಕುಗಳನ್ನು ಕಿತ್ತು, ಬೇರೆ ಗಾಡಿಗೆ ಬೇರೆ ಭಾರಕ್ಕೆ ಮಾಡಿದ ಗ್ಯಾಸ್ ಶಾಕ್ ಹಾಕಿಸುವುದು ಹಣ ಕೊಟ್ಟು ಹದ ಕೆಡಿಸಿಕೊಂಡ ಹಾಗೆ.

ಹದವೆಂದರೆ ಏನು, ಅದನ್ನು ತಿಳಿಯುವುದು ಹೇಗೆ? ಇಲ್ಲಿಯೇ ಮನೆಯ ಅಂಗಳ ಗ್ಯಾರೇಜಿಗಿಂತ ಮೇಲಾಗುವುದು. ಕಂಪನಿ ಗಾಡಿಯನ್ನು ಹೊಂದಿಸಿ ಕಳಿಸುವುದು ಒಬ್ಬ ಸರಾಸರಿ ಸವಾರನಿಗೆ. ನೀವು 52 ಕಿಲೋ ಇರಬಹುದು, 95 ಇರಬಹುದು. ನಿಮ್ಮ ಭಾರ, ನಿಮ್ಮ ಹಿಂದೆ ಕೂರುವವರ ಭಾರ, ಪೆಟ್ಟಿಗೆಯ ಭಾರ ಗೊತ್ತಿರುವುದು ನಿಮಗೇ. ಬೇಕಾದದ್ದು ಒಂದು ಟೇಪು ಮತ್ತು ಮನೆಯ ಇಬ್ಬರ ಸಹಾಯ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲ ಬಿಟ್ಟು ತೂಗುವಾಗ, ಚಕ್ರದ ಆಕ್ಸಲಿನಿಂದ ನೇರ ಮೇಲಿನ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಸ್ಟ್ಯಾಂಡ್ ತೆಗೆದು, ದಿನವೂ ಹಾಕುವ ಬಟ್ಟೆ, ಹೆಲ್ಮೆಟ್, ಚೀಲದ ಸಮೇತ ಕೂತು ಅದೇ ಎರಡು ಬಿಂದುಗಳ ನಡುವೆ ಮತ್ತೆ ಅಳೆಸಿರಿ. ಗಾಡಿಯನ್ನು ಸ್ವಲ್ಪ ಅದುಮಿ ಬಿಟ್ಟಾಗ ಒಂದು ಅಳತೆ, ಸ್ವಲ್ಪ ಎತ್ತಿ ಬಿಟ್ಟಾಗ ಒಂದು ಅಳತೆ ಸಿಗುತ್ತದೆ. ಒಳಗಿನ ಉಜ್ಜಾಟದಿಂದ ಎರಡೂ ಒಂದೇ ಇರುವುದಿಲ್ಲ, ನಡುವಿನದನ್ನು ಹಿಡಿಯಿರಿ. ಮೊದಲಿನ ಅಳತೆಗೂ ಇದಕ್ಕೂ ಇರುವ ವ್ಯತ್ಯಾಸವೇ ಕುಸಿತ. ರಸ್ತೆಯ ಬೈಕಿಗೆ ಒಟ್ಟು ಚಲನೆಯ ಸುಮಾರು ಮೂರರಲ್ಲಿ ಒಂದು ಪಾಲು ಕುಸಿತ ಇದ್ದರೆ ಹದ. ಮುಂಭಾಗಕ್ಕೂ ಇದೇ ಲೆಕ್ಕ: ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಈಗಿನ ಮಾದರಿಯಲ್ಲಿ ಮುಂದಿನ ಫೋರ್ಕಿನ ಚಲನೆ 130 ಮಿಲಿಮೀಟರ್, ಅಲ್ಲಿ 40ರ ಆಸುಪಾಸು ಬರಬೇಕು. ಹಿಂದೆ ಕುಸಿತ ಜಾಸ್ತಿಯಾದರೆ ಬಳೆಯನ್ನು ಒಂದೊಂದೇ ಮೆಟ್ಟಿಲು ಏರಿಸಿ, ಕಡಿಮೆಯಾದರೆ ಇಳಿಸಿ. ಜೋಡಿ ಶಾಕ್ ಇರುವ ಗಾಡಿಯಲ್ಲಿ ಎಡ ಬಲ ಒಂದೇ ಮೆಟ್ಟಿಲಿನಲ್ಲಿ ಇರಲೇಬೇಕು. ಇದಕ್ಕೆ ಬೇಕಾದ ಕೊಕ್ಕೆಯಂಥ ಸ್ಪ್ಯಾನರ್ ಎಷ್ಟೋ ಗಾಡಿಗಳ ಟೂಲ್ ಕಿಟ್ಟಿನಲ್ಲೇ ಬಂದಿರುತ್ತದೆ, ಸೀಟಿನ ಕೆಳಗೆ ತುಕ್ಕು ಹಿಡಿಯುತ್ತಿರುತ್ತದೆ.

ಹಿಂದೆ ಕೂರುವವರ ವಿಷಯ ಬೇರೆಯಾಗಿ ಹೇಳಬೇಕು. ಸವಾರ ಎರಡು ಚಕ್ರಗಳ ನಡುವೆ ಕೂರುತ್ತಾನೆ, ಕೈಯೂ ಕಾಲೂ ಊರಿರುತ್ತವೆ, ಗುಂಡಿ ಬರುವುದು ಕಣ್ಣಿಗೆ ಕಾಣುತ್ತದೆ. ಹಿಂದೆ ಕೂತ ತಾಯಿಯೋ ಹೆಂಡತಿಯೋ ಹೆಚ್ಚುಕಡಿಮೆ ಹಿಂದಿನ ಆಕ್ಸಲಿನ ಮೇಲೆಯೇ ಕೂತಿರುತ್ತಾರೆ. ಹಿಂಬದಿಯ ಪೆಟ್ಟು ಪೂರ್ತಿ ಅವರದ್ದು. ಗುಂಡಿ ಕಾಣುವುದೂ ಇಲ್ಲ, ಒಂದು ಕಡೆ ಕಾಲು ಹಾಕಿ ಕೂತಿದ್ದರೆ ಎದ್ದು ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಅವರು ಕೂತಾಗ ಹಿಂಬದಿ ಕುಸಿದು ಹೆಡ್‌ಲೈಟು ಮೇಲೇರುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಶಾಕ್ ಪ್ರತಿ ಹಂಪಿಗೂ ತಳ ಮುಟ್ಟುತ್ತದೆ. ಊರಿಗೆ ಹೋಗುವ ದಿನ ಬಳೆಯನ್ನು ಎರಡು ಮೆಟ್ಟಿಲು ಏರಿಸಲು ಐದು ನಿಮಿಷ ಸಾಕು. ಈ ಐದು ನಿಮಿಷವನ್ನು ನಮ್ಮ ಮನೆಗಳಲ್ಲಿ ಯಾರೂ ಕೊಡುತ್ತಿಲ್ಲ, ಮನೆಗೆ ಬಂದು ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುವುದು ಮಾತ್ರ ನಡೆದೇ ಇದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಬೇಸರ ತರಿಸುವುದು ಇದು.

ಇದೆಲ್ಲ ಮೆಕ್ಯಾನಿಕ್ ಕೆಲಸ, ಮನೆಯಲ್ಲಿ ಕೈ ಹಾಕಬಾರದು ಎನ್ನುವ ಮಾತಿಗೆ ಬರುತ್ತೇನೆ. ಮೆಕ್ಯಾನಿಕ್ಕನನ್ನು ದೂರುವುದು ನನ್ನ ಉದ್ದೇಶವಲ್ಲ. ಫೋರ್ಕಿನ ಎರಡು ಕಾಲು ಬಿಚ್ಚಿ, ತೊಳೆದು, ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸಿ, ಅಳೆದು ಎಣ್ಣೆ ಹಾಕಿ ಜೋಡಿಸುವ ತಾಳ್ಮೆಯ ಕೆಲಸಕ್ಕೆ ಗ್ರಾಹಕ ಕೊಡುವ ಕೂಲಿ ಅವನ ಅರ್ಧ ದಿನಕ್ಕೂ ಸಾಲದು. ಬಾಗಿಲಲ್ಲಿ ಇನ್ನೂ ಆರೇಳು ಗಾಡಿ ಕಾಯುತ್ತಿರುತ್ತವೆ. ಅವನು ಕಣ್ಣಳತೆಯಲ್ಲಿ ಸುರಿದು ಮುಗಿಸುವುದು ಸಹಜ. ಮನೆಯಲ್ಲಿ ಮಾಡುವವರಿಗೆ ಆ ಆತುರವಿಲ್ಲ. ಮನೆಯವರೇ ಮಾಡಿಕೊಳ್ಳಬಹುದು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಮೈಸೂರಿನ ಕಡೆ ನೋಡಬೇಕು. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಂಪನಿಯ ಸರ್ವಿಸ್ ಸೆಂಟರಾಗಲಿ ಹೊಸ ಬಿಡಿಭಾಗವಾಗಲಿ ಇಲ್ಲದೆ ಆ ಜಾವಾ, ಯೆಜ್ಡಿಗಳು ಇಂದಿಗೂ ಮೈಸೂರು, ಬೆಂಗಳೂರಿನ ಬೀದಿಗಳಲ್ಲಿ ಓಡುತ್ತಿವೆ. ಅವುಗಳನ್ನು ಉಳಿಸಿದವರು ವಯಸ್ಸಾದ ಕೆಲವು ಮೇಸ್ತ್ರಿಗಳು ಮತ್ತು ಸ್ಪ್ಯಾನರ್ ಹಿಡಿಯಲು ಕಲಿತ ಯಜಮಾನರು. ಕಂಪನಿ ಇದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಕಲಿಯುತ್ತಲೇ ಇರಲಿಲ್ಲವೇನೋ.

ಮನೆಯ ಕೆಲಸ ಬಟ್ಟೆಯ ತುಂಡಿನಿಂದ ಶುರುವಾಗುತ್ತದೆ. ಫೋರ್ಕ್ ಸೀಲ್ ಹಾಳಾಗುವುದು ಹೆಚ್ಚಾಗಿ ವಯಸ್ಸಿನಿಂದಲ್ಲ, ಪೈಪಿಗೆ ಅಂಟಿದ ಕೆಸರು ಒಣಗಿ, ಅದರ ಮರಳು ಸೀಲಿನ ತುಟಿಯ ಕೆಳಗೆ ಸಿಕ್ಕಿಕೊಂಡು. ಮಳೆಗಾಲದಲ್ಲಿ ಮಲೆನಾಡಿನ ಕೆಂಪು ಕೆಸರು, ಬೇಸಿಗೆಯಲ್ಲಿ ಬಯಲುಸೀಮೆಯ ದೂಳು, ಕರಾವಳಿಯಲ್ಲಿ ಉಪ್ಪುಗಾಳಿ ತರುವ ತುಕ್ಕು, ಮೂರೂ ಸೀಲಿನ ಶತ್ರುಗಳೇ. ಗಾಡಿ ಮನೆಗೆ ಬಂದ ಸಂಜೆ ಒದ್ದೆ ಬಟ್ಟೆಯಲ್ಲಿ ಪೈಪ್ ಒರೆಸಿದರೆ ಸೀಲಿನ ಆಯುಷ್ಯ ಎಷ್ಟೋ ಹೆಚ್ಚುತ್ತದೆ. ಆಗಲೇ ಸ್ವಲ್ಪ ಸೋರುತ್ತಿದ್ದರೂ ಕೂಡಲೇ ಹೊಸ ಸೀಲ್ ಬೇಕಿಲ್ಲ. ಮೇಲಿನ ಡಸ್ಟ್ ಸೀಲನ್ನು ಮೆಲ್ಲಗೆ ಎಬ್ಬಿಸಿ, ಹಳೆಯ ಕ್ಯಾಮೆರಾ ಫಿಲ್ಮಿನಷ್ಟು ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯ ತುದಿಯನ್ನು ಕೊಕ್ಕೆಯಾಗಿ ಕತ್ತರಿಸಿ, ಆಯಿಲ್ ಸೀಲಿನ ಸುತ್ತ ತೂರಿಸಿ ಎಳೆದರೆ ಸಿಕ್ಕಿಕೊಂಡ ಮರಳು ಈಚೆ ಬರುತ್ತದೆ. ಎಷ್ಟೋ ಸಲ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ಪೈಪಿನ ಮೇಲೆ ಕಲ್ಲು ಸಿಡಿದು ಗೀರು ಎದ್ದಿದ್ದರೆ ಉಗುರಿಗೆ ಸಿಗುತ್ತದೆ. ನಯವಾದ ನೀರಿನ ಎಮರಿ ಕಾಗದದಿಂದ ಎದ್ದ ಅಂಚನ್ನಷ್ಟೇ ಸವರಬೇಕು. ವಾಟರ್ ಸರ್ವಿಸಿನಲ್ಲಿ ಪೈಪಿನ ಜೋರು ನೀರನ್ನು ಸೀಲಿಗೆ ನೇರ ಹೊಡೆಸಬೇಡಿ. ಹೊಳಪಿಗೆಂದು ಡೀಸೆಲ್ ಎರಚುವುದನ್ನಂತೂ ತಡೆಯಿರಿ. ರಬ್ಬರ್ ಬುಷ್ಷುಗಳನ್ನು ಅದು ಊದಿಸಿ ಕೆಡಿಸುತ್ತದೆ.

ಟೈರಿನ ಗಾಳಿಯ ಬಗ್ಗೆ ಎಲ್ಲರಿಗೂ ಗೊತ್ತು, ಆದರೂ ಹೇಳಬೇಕು: ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಿನಲ್ಲಿರುವ ಅಂಕಿಯನ್ನು ಬಿಟ್ಟು ಪಂಕ್ಚರ್ ಅಂಗಡಿಯವನ ಅಂದಾಜನ್ನು ನಂಬಿದರೆ, ಮೇಲೆ ಹೇಳಿದ ಯಾವ ಹದವೂ ಕೆಲಸಕ್ಕೆ ಬರುವುದಿಲ್ಲ.

ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಇದೆ. ಮುಂದಿನ ಚಕ್ರವನ್ನು ಪಂಕ್ಚರಿಗೋ ಟೈರ್ ಬದಲಿಸಲೋ ಬಿಚ್ಚಿ ಹಾಕಿದ ಮೇಲೆ ಫೋರ್ಕ್ ಬಿಗಿಯಾಗಿ, ಸಣ್ಣ ಉಬ್ಬುಗಳೆಲ್ಲ ಕೈಗೆ ನೇರ ತಾಗತೊಡಗುತ್ತವೆ. ಕಾರಣ ಫೋರ್ಕಿನೊಳಗಿಲ್ಲ. ಆಕ್ಸಲ್ ಹಾಕುವಾಗ ಎರಡು ಕಾಲುಗಳಲ್ಲಿ ಒಂದು ಒಳಕ್ಕೋ ಹೊರಕ್ಕೋ ಎಳೆದುಕೊಂಡಿರುತ್ತದೆ, ಹಾಗೆಯೇ ಬಿಗಿದುಬಿಟ್ಟರೆ ಪೈಪುಗಳು ಬುಷ್ಷಿಗೆ ಅಡ್ಡವಾಗಿ ಒತ್ತುತ್ತ ಆಡುತ್ತವೆ. ಆಕ್ಸಲ್ ನಟ್ಟನ್ನು ಮೊದಲು ಬಿಗಿದು, ಆಕ್ಸಲನ್ನು ಕಚ್ಚಿ ಹಿಡಿಯುವ ಬದಿಯ ಬೋಲ್ಟನ್ನು ಸಡಿಲವಾಗಿ ಬಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಜೋರಾಗಿ ಅದುಮಬೇಕು. ಕಾಲುಗಳು ತಮ್ಮ ಜಾಗಕ್ಕೆ ತಾವೇ ಬರುತ್ತವೆ. ಆಮೇಲೆ ಆ ಬೋಲ್ಟು. ಬಿಡಿಭಾಗದ ಖರ್ಚು ಒಂದು ರೂಪಾಯಿಯೂ ಇಲ್ಲ.

ಎಣ್ಣೆ ಬದಲಿಸುವುದು ಇದಕ್ಕಿಂತ ದೊಡ್ಡ ಕೆಲಸ, ಆದರೆ ಚಕ್ರ ಬಿಚ್ಚಲು ಬರುವ ಯಾರಿಗೂ ಕೈಗೆಟುಕುವಂಥದ್ದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಎಂಜಿನ್ ಕೆಳಗೆ ಭದ್ರವಾದ ಆಧಾರ ಕೊಡಬೇಕು. ಡಿಸ್ಕ್ ಬ್ರೇಕಿನ ಕ್ಯಾಲಿಪರನ್ನು ಅದರ ಪೈಪಿನಿಂದ ತೂಗಲು ಬಿಡದೆ ತಂತಿಯಲ್ಲಿ ಕಟ್ಟಬೇಕು. ಫೋರ್ಕನ್ನು ಹಿಡಿದಿರುವ ಮೇಲಿನ ಬೋಲ್ಟ್ ಸಡಿಲಿಸಿದ ಮೇಲೆ, ಕೆಳಗಿನದು ಬಿಗಿಯಿರುವಾಗಲೇ, ಮೇಲಿನ ಮುಚ್ಚಳವನ್ನು ಅರ್ಧ ಸುತ್ತು ಬಿಡಿಸಿಟ್ಟರೆ ಕೆಲಸ ಹಗುರ. ಕಾಲು ಕೈಗೆ ಬಂದ ಮೇಲೆ ಅದನ್ನು ತಿರುಗಿಸಲು ಹಿಡಿತ ಸಿಗುವುದಿಲ್ಲ. ಮುಚ್ಚಳದ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಬಟ್ಟೆ ಹಿಡಿದು ಅದುಮಿಕೊಂಡೇ ಕೊನೆಯ ಸುತ್ತು ಬಿಚ್ಚಬೇಕು, ಮುಖವನ್ನು ಅದರ ನೇರಕ್ಕೆ ಇಡಬಾರದು. ಹಳೆಯ ಎಣ್ಣೆ ಸುರಿದು, ಪೈಪನ್ನು ಹತ್ತಾರು ಸಲ ಆಡಿಸಿ, ತಲೆಕೆಳಗಾಗಿ ರಾತ್ರಿಯಿಡೀ ನಿಲ್ಲಿಸಿ. ಸಣ್ಣ ಬೈಕುಗಳಲ್ಲಿ ಒಂದು ಕಾಲಿಗೆ 200 ಮಿಲಿಲೀಟರ್ ಆಸುಪಾಸಿನಷ್ಟೇ ಎಣ್ಣೆ; ನಿಮ್ಮ ಗಾಡಿಗೆ ನಿಖರವಾಗಿ ಎಷ್ಟು ಎಂಬುದಕ್ಕೆ ಕೈಪಿಡಿಯೇ ಪ್ರಮಾಣ. ಹೊಸ ಎಣ್ಣೆ ಹಾಕಿದ ಮೇಲೆ ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ಆಡಿಸಿ, ಆಮೇಲೆ ಮಟ್ಟ ಅಳೆಯಬೇಕು. ಎರಡು ಕಾಲಿನಲ್ಲೂ ಮಟ್ಟ ಒಂದೇ ಇರಬೇಕು, ಇದರಲ್ಲಿ ರಾಜಿ ಇಲ್ಲ. ಜೋಡಿಸಿದ ಮೇಲೆ ಬೀದಿಗಿಳಿಯುವ ಮೊದಲು ಬ್ರೇಕ್ ಲಿವರನ್ನು ನಾಲ್ಕಾರು ಸಲ ಒತ್ತಿ ಹಿಡಿತ ಬಂದಿದೆಯೇ ನೋಡಿ. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಗ್ಯಾರೇಜಿಗೆ ಕೊಡಿ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಎಂದು ನಾನು ಹೇಳುತ್ತಿಲ್ಲ. ನೈಟ್ರೋಜನ್ ತುಂಬಿದ ಶಾಕನ್ನು ಮನೆಯಲ್ಲಿ ಬಿಚ್ಚುವುದು ಅಪಾಯ. ಹಿಂದಿನ ಶಾಕಿನ ಸ್ಪ್ರಿಂಗನ್ನು ಸರಿಯಾದ ಸಾಧನವಿಲ್ಲದೆ ಹಗ್ಗ ಕಟ್ಟಿ ಕುಗ್ಗಿಸುವುದೂ ಅಪಾಯ. ಬಾಗಿದ ಪೈಪಿಗೆ ಲೇತ್ ಅಂಗಡಿಯೋ ಹೊಸ ಪೈಪೋ ಬೇಕು. ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್, ಅಂದರೆ ಕೋನ್ ಸೆಟ್, ಸವೆದು ಬ್ರೇಕ್ ಹಿಡಿದಾಗ ಕಟಕ್ ಎನ್ನುತ್ತಿದ್ದರೆ, ಅದನ್ನು ಫೋರ್ಕಿನ ದೋಷ ಎಂದುಕೊಂಡು ಎಣ್ಣೆ ಬದಲಿಸಿ ಪ್ರಯೋಜನವಿಲ್ಲ. ಮುಂದಿನ ಚಕ್ರ ಎತ್ತಿ ಫೋರ್ಕಿನ ತಳ ಹಿಡಿದು ಹಿಂದೆ ಮುಂದೆ ಅಲುಗಿಸಿದರೆ ಅದು ಗೊತ್ತಾಗುತ್ತದೆ. ಹೀಗೆ ಯಾವುದು ಎಲ್ಲಿಯ ದೋಷ ಎಂದು ಗುರುತಿಸಿಕೊಂಡು ಗ್ಯಾರೇಜಿಗೆ ಹೋದವರಿಗೆ ಮೆಕ್ಯಾನಿಕ್ಕನೂ ಬೇರೆ ರೀತಿಯಲ್ಲಿ ಕಿವಿಗೊಡುತ್ತಾನೆ.

ಕೊನೆಗೆ ರಸ್ತೆಯ ವಾದ. ನಮ್ಮ ರಸ್ತೆಗಳು ಕೆಟ್ಟಿವೆ ಎಂಬುದರಲ್ಲಿ ನನ್ನ ತಕರಾರಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪಿಗೆ ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗದಲ್ಲಿ ದಾಟುವಂತೆ. ನಮ್ಮ ಬಡಾವಣೆಗಳಲ್ಲಿ ಜನರೇ ಸಿಮೆಂಟ್ ಸುರಿದು ಕಟ್ಟಿಸಿಕೊಂಡ ಹಂಪುಗಳಲ್ಲಿ ಆ ಅಗಲದ ಕಾಲು ಭಾಗವೂ ಇರುವುದಿಲ್ಲ. ಇದಕ್ಕಾಗಿ ಪಾಲಿಕೆಯನ್ನು ಕೇಳಬೇಕು, ಕೇಳುತ್ತಲೇ ಇರಬೇಕು. ಆದರೆ ರಸ್ತೆ ಕೆಟ್ಟಿದೆ ಎಂಬುದು ಸಸ್ಪೆನ್ಷನ್ ನೋಡದೇ ಇರಲು ಕಾರಣ ಹೇಗಾದೀತು? ನುಣುಪಾದ ರಸ್ತೆಯಲ್ಲಿ ಸತ್ತ ಎಣ್ಣೆಯೂ ನಡೆದೀತು. ಕೆಟ್ಟ ರಸ್ತೆಯಲ್ಲೇ ಅದು ಬದುಕಿರಬೇಕಾದದ್ದು. ಬೆಳಗಿನಿಂದ ರಾತ್ರಿಯವರೆಗೆ ಬೆನ್ನಿಗೆ ಊಟದ ಪೆಟ್ಟಿಗೆ ಕಟ್ಟಿಕೊಂಡು ಬೆಂಗಳೂರಿನ ಗಲ್ಲಿಗಳಲ್ಲಿ ಓಡಾಡುವ ಡೆಲಿವರಿ ಹುಡುಗರು ಸಾಮಾನ್ಯ ಸವಾರ ತಿಂಗಳಲ್ಲಿ ದಾಟುವ ಹಂಪುಗಳನ್ನು ಕೆಲವೇ ದಿನಗಳಲ್ಲಿ ದಾಟುತ್ತಾರೆ. ಅವರ ಬೆನ್ನೇ ಅವರ ಬಂಡವಾಳ. ಹೊಸ ಶಾಕ್ ಕೊಳ್ಳಲು ಅವರ ಬಳಿ ಹಣ ಇರಲಿಕ್ಕಿಲ್ಲ, ಆದರೆ ಕೆಲವು ನೂರು ರೂಪಾಯಿಯ ಎಣ್ಣೆ, ಒಂದು ರಜೆಯ ದಿನ, ಬಿಚ್ಚಿ ತೋರಿಸುವ ಒಬ್ಬ ಗೆಳೆಯ ಸಿಕ್ಕರೆ ಸಾಕು.

ನಿಮ್ಮ ಗಾಡಿಯ ಕೈಪಿಡಿ ಮನೆಯಲ್ಲೆಲ್ಲೋ ಇರುತ್ತದೆ, ಇಲ್ಲವೇ ಕಂಪನಿಯ ಅಂತರ್ಜಾಲ ತಾಣದಲ್ಲಿ ಸಿಗುತ್ತದೆ. ಫೋರ್ಕ್ ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಅದರಲ್ಲಿ ಹುಡುಕಿ, ನಿಮ್ಮ ಮೀಟರಿನ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಅವಧಿ ದಾಟಿದ್ದರೆ ಸೋರಿಕೆಗೆ ಕಾಯಬೇಡಿ, ಬದಲಿಸಿ.